ಗುರುವಾರದ ಪೆಟ್ಟಿಗೆ

ಚಂದ್ರಗುತ್ತಿಯ ದಾರಿಯಲ್ಲಿ ಬಸ್ಸಿಳಿದು
ಎರಡು ಮೈಲಿ ನಡೆದರೆ ಗುತ್ಯಮ್ಮನ ಕೇರಿ.
ಹೆಗಲಲ್ಲಿ ನೀಲಿ ಪೆಟ್ಟಿಗೆ, ಒಳಗೆ ನಾಲ್ಕು ಹಿಮದ ಇಟ್ಟಿಗೆ,
ನಡುವೆ ಬಿಸಿಲು ಕಂಡರೆ ಸಾಯುವ ಸೀಸೆಗಳು.
ದಡಾರದ್ದನ್ನು ಒಮ್ಮೆ ಒಡೆದರೆ
ನಾಲ್ಕೇ ಗಂಟೆ ಆಯುಸ್ಸು. ವಾಚು ನೋಡಿ ಬರೆದಿಡುತ್ತೇನೆ,
ಹುಟ್ಟಿದ ಗಳಿಗೆ ಗುರುತು ಹಾಕುವ ಜೋಯಿಸರ ಹಾಗೆ.

ಅಂಗನವಾಡಿಯ ಜಗಲಿಯಲ್ಲಿ ಹನ್ನೊಂದು ಕೂಸು, ಹನ್ನೊಂದು ಅಳು.
ಹನ್ನೆರಡನೆಯದು ಗುತ್ಯಮ್ಮನ ಮೊಮ್ಮಗಳದ್ದು.
ಜ್ವರ ಬರುತ್ತದೆಂದು ಎರಡು ಗುರುವಾರ
ಬಚ್ಚಿಟ್ಟಿದ್ದಳು. ಈ ಸಲ ತಾನೇ ಎತ್ತಿಕೊಂಡು ಬಂದಳು.
ಸೂಜಿ ಇಳಿಯುವಾಗ
ಕಣ್ಣು ಮುಚ್ಚಿಕೊಂಡದ್ದು ಅಜ್ಜಿಯೇ.

ಆಮೇಲೆ ಮಡಿಲಿಂದ ಒಂದು ಬಾಳೆಲೆಯ ಪೊಟ್ಟಣ.
ಎಲೆಯೊಳಗೆ ಒದ್ದೆ ಬಟ್ಟೆ, ಬಟ್ಟೆಯೊಳಗೆ
ಚೀನಿಕಾಯಿಯ ಹೂವು, ಹದಿನೇಳು,
ಅರಿಶಿನ ಅರೆದು ಕೈ ತೊಳೆಯದವರ ಬೆರಳಂತೆ
ಮಡಚಿಕೊಂಡು.

‘ಆರಕ್ಕೆ ಕಿತ್ತಿದ್ದು. ಹತ್ತಕ್ಕೆಲ್ಲ ಬಾಯಿ ಮುಚ್ತಾವೆ.
ಬರೀ ಗಂಡು. ಹೆಣ್ಣಿನ ಬುಡದಾಗೆ ಗೋಲಿಯಷ್ಟು ಕಾಯಿ
ಕೂತಿರ್ತದೆ, ಅದಕ್ಕೆ ಕೈ ಹಾಕಬ್ಯಾಡ.
ಗಂಡನ್ನೂ ಪೂರಾ ಕೀಳಬ್ಯಾಡ, ನಾಕೈದು ಬಿಡು ಬಳ್ಳಿಗೆ,
ಸಂಸಾರ ನಡೀಬೇಕಲ್ಲ.
ನೀರು ಕುಡಿಸಿದ್ರೆ ಕೊಳೀತಾವೆ. ತೇವ ತೋರ್ಸು, ಸಾಕು.
ನಾಳಿಗೆ ಅಂತ ಇಟ್ಕಂಬ್ಯಾಡ.’

ಮುಚ್ಚಳಕ್ಕೆ ಅಂಟಿಸಿದ ಚೀಟಿ ಹೇಳುತ್ತದೆ:
ಲಸಿಕೆಯ ಹೊರತು ಬೇರೇನನ್ನೂ ಇಡತಕ್ಕದ್ದಲ್ಲ.
ಹತ್ತೊಂಬತ್ತು ವರ್ಷ ಆ ತಕ್ಕದ್ದಲ್ಲದ ಅಡಿಯಲ್ಲೇ ನಡೆದವಳು ನಾನು,
ಚೈತ್ರದ ಬಿಸಿಲಲ್ಲೂ
ಮಜ್ಜಿಗೆಯ ಬಾಟಲಿ ಇಟ್ಟವಳಲ್ಲ.
ಅವತ್ತು ಸೀಸೆ ಒಂದೂ ಉಳಿದಿರಲಿಲ್ಲ. ಇಟ್ಟಿಗೆಯೊಳಗೆ
ಕರಗದ ಒಂದು ಹರಳು ಲಟಕ್ ಲಟಕ್ ಅನ್ನುತ್ತಿತ್ತು.
ಮುಚ್ಚಳ ತೆಗೆದೆ.
ಗುತ್ಯಮ್ಮ ಬಗ್ಗಿ ನೋಡಿ, ‘ಅವಕ್ಕೂ ಸೂಜಿ ಹಾಕ್ತೀಯೇನೆ?’

ಸೊರಬದಲ್ಲಿ ಮನೆ ಸೇರಿದಾಗ ಆರೂವರೆ.
ದೋಸೆಗೆಂದು ನೆನೆಹಾಕಿದ್ದ ಅಕ್ಕಿಯಲ್ಲಿ ಒಂದು ಬೊಗಸೆ ಕದ್ದು
ಒಣಮೆಣಸು, ಕೊತ್ತಂಬರಿ, ಹುಣಸೆ, ಬೆಲ್ಲದ ಚೂರು,
ಕಡ್ಲೆಯಷ್ಟು ಇಂಗು. ತರಿತರಿ ಇರುವಾಗಲೇ ನಿಲ್ಲಿಸಿದೆ.
ತೊಟ್ಟಿನ ಮುಳ್ಳುಗೂದಲು ಹೆರೆದು
ಎಸಳು ಹರಿಯದಂತೆ ಬಿಡಿಸಿ ಒಳಗಿನ ಕಡ್ಡಿ ಮುರಿಯಬೇಕು.
ಬೆರಳಿಗೆ ಗೊತ್ತಿತ್ತು ಆ ಹದ.
ಹಟದ ಕೂಸುಗಳ ಬಾಯಿ ಬಿಡಿಸಿ
ಎರಡೆರಡು ಹನಿ ಹಾಕಿದ ಬೆರಳಲ್ಲವೇ.

ಹನ್ನೊಂದನೆಯದನ್ನು ಬಿಡಿಸಿದರೆ
ಒಳಗೊಂದು ತುಡುವೆ ಜೇನು.
ಮೈಯೆಲ್ಲ ಹಳದಿ ಹಿಟ್ಟು, ಕಾಲು ಮಡಚಿ, ತಣ್ಣಗೆ.
ಗುತ್ಯಮ್ಮ ಕೀಳುವಾಗಲೇ ಕೂತಿದ್ದಿರಬೇಕು,
ತಿನ್ನುತ್ತ ತಿನ್ನುತ್ತ ಹೊತ್ತು ಮರೆತು.
ಅಂಗೈಯಲ್ಲಿಟ್ಟು ಒಲೆಯ ಕಾವಿಗೆ ಹಿಡಿದೆ,
ದಿನಾ ಎರಡರಿಂದ ಎಂಟು ಡಿಗ್ರಿ ಎಂದು ಬರೆಯುವ ಕೈ.
ಒಂದು ಕಾಲು ಆಡಿತು. ಆಮೇಲೆ ರೆಕ್ಕೆ ನಡುಗಿತು.
‘ಬದುಕಿದೆಯಾ ಮಗಾ’ ಅಂದೆ.

ಚುಚ್ಚಿತು.

ಎಷ್ಟು ಸಾವಿರ ತೊಡೆಗಳ ಲೆಕ್ಕಕ್ಕೋ ಈ ಒಂದು.
ಕಣ್ಣು ಮುಚ್ಚಿಕೊಂಡೆ, ನಾನೂ.
ತೆರೆದಾಗ ಜೇನು ಕಟ್ಟೆಯ ಮೇಲೆ ಸುತ್ತು ಹಾಕುತ್ತಿತ್ತು,
ಹೊಟ್ಟೆಯ ಕೊನೆಯನ್ನು ನನ್ನ ಅಂಗೈಯಲ್ಲೇ ಬಿಟ್ಟು.
ಒಗ್ಗರಣೆ ಸೌಟು ತೊಳೆಯುವಷ್ಟರಲ್ಲಿ
ನಿಂತಿತು.

ಹದಿನಾರು ಹೂವು, ಕಾವಲಿಯಲ್ಲಿ ಎರಡೂ ಮಗ್ಗುಲು
ಕೆಂಪಗೆ. ಅಂಚು ಗರಿಗರಿ, ನಡುವೆ ಮೆತ್ತಗೆ
ಹಸಿರು ಹಸಿರಾದ ಒಂದು ಘಮ. ಎಡಗೈಯಲ್ಲಿ ತಿಂದೆ,
ಬಲಗೈ ಇಡ್ಲಿಯಂತೆ ಉಬ್ಬಿತ್ತು.
ಹದಿನೇಳನೆಯದರಲ್ಲಿ ಜೇನನ್ನು ಮತ್ತೆ ಮಲಗಿಸಿ
ಕರಿಬೇವಿನ ಬುಡಕ್ಕೆ ಇಟ್ಟೆ.

ಪೆಟ್ಟಿಗೆಯನ್ನು ಮೂರು ಸಲ ತೊಳೆದೆ.
ಮೂಲೆಯಲ್ಲಿ ಉಳಿದಿದ್ದ ಹಳದಿ ಮುಂದಿನ ಬುಧವಾರ
ಹಿಮದ ಇಟ್ಟಿಗೆ ತುಂಬುವಾಗ ಕಂಡಿತು. ಒರೆಸಿದೆ.
ರಿಜಿಸ್ಟರಿನಲ್ಲಿ ಇದಕ್ಕೆ ಕಲಂ ಇಲ್ಲ.

ಗುತ್ಯಮ್ಮನಿಗೆ ಕೈ ತೋರಿಸಿದೆ, ನಡೆದದ್ದು ಹೇಳಿದೆ.
ಮೊಮ್ಮಗಳನ್ನು ಸೊಂಟದಿಂದ ಸೊಂಟಕ್ಕೆ ಬದಲಿಸಿ
ನಗದೆ, ಬಹಳ ಗಂಭೀರವಾಗಿ ಕೇಳಿದಳು:
‘ಜ್ವರ ಬಂತೇನೆ?’